ಡೇರೆಗಳ ನಡುವಿನ ದಾರಿ

ಹತ್ತಿರ ಬನ್ನಿ ಮಕ್ಕಳೇ, ಕಾಲು ಮಡಚಿ ಕೂತ್ಕೊಳ್ಳಿ. ಕಡಲಾಚೆ, ಆಫ್ರಿಕಾದ ತೆಂಕಣ ಸೀಮೆಯಲ್ಲಿ ಒಂದು ಹುಲ್ಲುಗಾವಲಿನ ರಾಜ್ಯ ಇತ್ತು. ಅಲ್ಲೊಬ್ಬಳು ತಾಯಿ ಆನೆ, ಅವಳಿಗೊಂದು ಪುಟ್ಟ ಮರಿ. ಮರಿಯ ಹೆಸರು ಪುಲಾ. ಅಲ್ಲಿಯವರ ಮಾತಲ್ಲಿ ಹಾಗಂದ್ರೆ ಮಳೆ. ಹೆಸರಿಗೇನೋ ಮಳೆ, ಆದರೆ ಆ ವರ್ಷ ಒಂದು ಹನಿಯೂ ಬೀಳಲಿಲ್ಲ. ನೀರು ಉಳಿದಿದ್ದು ನದಿಯಲ್ಲಿ ಮಾತ್ರ.

ಒಂದು ಸಂಜೆ ತಾಯಿ ಮರಿಯನ್ನು ಕರೆದುಕೊಂಡು ನದಿಗೆ ಹೊರಟಳು. ನೋಡ್ತಾಳೆ, ದಾರಿಯಲ್ಲಿ ಸಾಲಾಗಿ ಬಟ್ಟೆಯ ಡೇರೆಗಳು. ಕಾಡು ನೋಡೋಕೆ ಬರುವವರಿಗೆ ಅಂತ ದಿನೇವೊ ಅನ್ನೋ ಹೆಂಗಸು ಹಾಕಿಸಿದ್ದ ಬಿಡಾರ ಅದು. ಆನೆಗೇನು ಗೊತ್ತು, ಪಾಪ. ಹೆದರಿ ನಿಂತಳು.

ಅಷ್ಟರಲ್ಲಿ ಒಂದು ಕತ್ತೆಕಿರುಬ ಬಂತು. "ಅವು ಭೂತಗಳು ಅಕ್ಕ, ಹತ್ತಿರ ಹೋದವರನ್ನ ನುಂಗ್ತಾವೆ. ನೀನು ಬಂಡೆಗಳ ಕಣಿವೆಯೊಳಗೆ ಹಾದು ನದಿಗೆ ಹೋಗು" ಅಂತು. ಕಣಿವೆಯಲ್ಲಿ ತನ್ನ ಬಳಗವೆಲ್ಲ ಮರಿಯಾನೆಗಾಗಿ ಬಾಯಿ ಚಪ್ಪರಿಸಿಕೊಂಡು ಕೂತಿದೆ ಅನ್ನೋದನ್ನ ಮಾತ್ರ ಹೇಳಲಿಲ್ಲ. ಎಂಥ ಕಳ್ಳ ನೋಡಿ. ಮರಿಯ ಎಳೇ ಪಾದಕ್ಕೆ ಕಲ್ಲಿನ ದಾರಿ ಆಗೋದಿಲ್ಲ ಅಂತ ತಾಯಿ ಹಿಂದಕ್ಕೆ ಹೋದಳು.

ಮರುದಿನ ಸಂಜೆ ಮತ್ತೆ ಬಂದರು. ಮತ್ತೆ ಕಿರುಬ. ಜನ ಡೇರೆಯೊಳಗೆ ಹೋಗುವುದನ್ನೂ ಬಾಗಿಲು ಮುಚ್ಚಿಕೊಳ್ಳುವುದನ್ನೂ ತೋರಿಸಿ, ನೋಡು ಹೇಗೆ ನುಂಗಿತು ಅಂತು. ಅಲ್ಲೇ ಮರದಡಿ ನಿಂತು ಬೆಳಗು ಮಾಡಿದರು.

ಮೂರನೆಯ ಸಂಜೆ ಪುಲಾ ಸೊಂಡಿಲು ಎತ್ತಲಾರದೆ ಕುಸಿದು ಕೂತಿತು. ಹಾಳಾಗಲಿ, ಕಣಿವೆಗೇ ಹೋಗೋಣ ಅಂದಳು ತಾಯಿ. ಕಿರುಬ ಖುಷಿಯಲ್ಲಿ ಹಲ್ಲು ಕಿರಿಯಿತು. ಹಲ್ಲಿನ ಸಂದಿಯಲ್ಲಿ ಬೂಟಿನ ದಾರ ನೇತಾಡುತ್ತಿತ್ತು.

ಪುಲಾ ಮೆಲ್ಲಗೆ ಕೇಳಿತು: "ಮಾವ, ಬೆಳಗ್ಗೆ ಡೇರೆಯಿಂದ ಒಬ್ಬಳು ಅಜ್ಜಿ ಮೈ ಮುರಿದುಕೊಂಡು ಈಚೆ ಬಂದಳು. ಬಾಗಿಲಲ್ಲಿ ಬಿಟ್ಟಿದ್ದ ಬೂಟು ಹುಡುಕಿದಳು, ಒಂದೇ ಸಿಕ್ಕಿತು. ಇನ್ನೊಂದು ನೀನು ತಿಂದೆ ಅಲ್ವಾ? ಹತ್ತಿರ ಹೋದವರನ್ನೆಲ್ಲ ನುಂಗೋ ಭೂತ ನಿನ್ನನ್ನ ಯಾಕೆ ಬಿಡ್ತು?"

ತಾಯಿ ಸೊಂಡಿಲು ಎತ್ತಿದ್ದೇ ತಡ, ಕಿರುಬ ಬಾಲ ಮುದುರಿಕೊಂಡು ಓಡಿತು. ಊಟ ಎಲ್ಲಿ ಅಂತ ಅದರ ಬಳಗವೇ ಅದನ್ನ ಅಟ್ಟಾಡಿಸಿತಂತೆ.

ಆದರೂ ತಾಯಿಗೆ ಕಾಲು ಮುಂದೆ ಬರಲಿಲ್ಲ. "ಅದು ಬಾಯಿ ಅಲ್ಲಮ್ಮ" ಅಂತು ಪುಲಾ. "ಒಳಗೆ ಹೋದವರು ಚೆನ್ನಾಗಿ ನಿದ್ದೆ ಮಾಡಿ ಎದ್ದು ಬರ್ತಾರೆ. ಅದು ಮಡಿಲು."

ತಾಯಿ ಮರಿಯನ್ನು ಹೊಟ್ಟೆಗೆ ಒತ್ತಿಕೊಂಡು ಡೇರೆಗಳ ನಡುವೆ ಹೆಜ್ಜೆಯಿಟ್ಟಳು. ಬಿಡಾರದವರು ಗಾಬರಿಯಿಂದ ಎದ್ದರು. ದಿನೇವೊ ಎಲ್ಲರನ್ನೂ ಕೈಸನ್ನೆ ಮಾಡಿ ಕೂರಿಸಿದಳು.

"ಮಗೂಗೆ ಬಾಯಾರಿಕೆ ಆಗಿದೆ. ದಾರಿ ಅವರದ್ದು, ನಾವು ನಡುವೆ ಬಂದು ಕೂತವರು" ಅಂದಳು.

ತಾಯಿ ಮರಿ ಇಬ್ಬರೂ ಡೇರೆಗಳನ್ನು ದಾಟಿ ನದಿಗೆ ಇಳಿದರು. ಪುಲಾ ಹೊಟ್ಟೆ ತುಂಬ ಕುಡಿಯಿತು. ಅದು ಕುಡಿದು ಮುಗಿಸುವವರೆಗೂ ತಾಯಿ ನೀರಿಗೆ ಸೊಂಡಿಲು ಇಳಿಸಲಿಲ್ಲ.

ಅದಕ್ಕೇ ಹೇಳೋದು ಮಕ್ಕಳೇ, ಆ ಕಡೆ ಹೋಗಬೇಡ ಅಂತ ಯಾರಾದರೂ ಹೆದರಿಸಿದರೆ, ಅವರು ತಾವು ಎಲ್ಲಿ ಓಡಾಡ್ತಾರೆ ಅಂತ ಮೊದಲು ನೋಡಿ.