ಹರಕು ಗರಿಯ ನೊಣ

ದಡದುದ್ದಕ್ಕೂ ಗಾಳದವರೇ ತುಂಬಿರುತ್ತಿದ್ದ ಒಂದು ಬೆಟ್ಟದ ಹೊಳೆಯಲ್ಲಿ ಒಂದು ಮುದಿ ಟ್ರೌಟ್ ಮೀನಿತ್ತು. ಗಾಳಕ್ಕೆ ಗರಿ ಸುತ್ತಿ ಮಾಡಿದ ಹುಸಿನೊಣಗಳನ್ನು ನೋಡಿ ನೋಡಿ ಅದಕ್ಕೆ ಸಾಕಾಗಿ ಹೋಗಿತ್ತು.

ಒಂದು ಬೆಳಿಗ್ಗೆ ನವಿಲುಗರಿಯ ನೊಣವೊಂದು ತೇಲಿಬಂದು, "ನಮಸ್ಕಾರ ಅಜ್ಜಾ, ಊಟಕ್ಕೆ ದಯಮಾಡಿಸಬೇಕು" ಎಂದಿತು.

"ಊಟವೇ ಬಂದು ಊಟಕ್ಕೆ ಕರೆಯುವುದನ್ನು ನಾನೆಲ್ಲೂ ಕಂಡಿಲ್ಲ. ಮುಂದೆ ಹೋಗಯ್ಯಾ" ಎಂದಿತು ಮೀನು.

ಆಮೇಲೆ ಜರಿ ಸುತ್ತಿಕೊಂಡ ಇನ್ನೊಂದು ಬಂತು. "ಮದುವೆ ಮನೆ ಇದಲ್ಲಪ್ಪ" ಎಂದು ಅದನ್ನೂ ಸಾಗಹಾಕಿತು.

ಕೊನೆಗೆ ಬಂದದ್ದು ಒಂದು ಬಡಕಲು ಕಂದು ನೊಣ. ಗರಿ ಹರಿದಿತ್ತು, ಬಣ್ಣ ಮಾಸಿತ್ತು, ಒಂದು ಮಾತೂ ಆಡಲಿಲ್ಲ. 'ಪಾಪ, ಇದು ನಿಜವಾಗಿಯೂ ಮುಳುಗುತ್ತಿದೆ. ಮೋಸ ಮಾಡುವವರು ಇಂಥ ಹರಕಿನಲ್ಲಿ ಬರುತ್ತಾರೆಯೇ?' ಎಂದುಕೊಂಡು ಮೀನು ಗಬಕ್ಕನೆ ಬಾಯಿ ಹಾಕಿತು. ಗಾಳ ತುಟಿಗೆ ನಾಟಿತು.

"ಎಲಾ ಇವನ! ಇಷ್ಟು ಚೆನ್ನಾಗಿ ವೇಷ ಹಾಕಿದವರು ಯಾರೋ ನಿನಗೆ?" ಎಂದಿತು ಮೀನು, ಗಾಳದವನು ತನ್ನನ್ನು ದಡದ ಕಡೆಗೆ ಎಳೆದುಕೊಂಡು ಹೋಗುತ್ತಿದ್ದಾಗ.

"ಅಂಗಡಿಯಿಂದ ಬಂದಾಗ ನಾನೂ ಮಿರಮಿರ ಮಿಂಚುತ್ತಿದ್ದೆ ಅಜ್ಜಾ" ಎಂದಿತು ನೊಣ. "ನಿಮ್ಮ ಮಕ್ಕಳು ಮೊಮ್ಮಕ್ಕಳೇ ಕಚ್ಚಿ ಕಚ್ಚಿ, ನೀವೂ ನಂಬುವ ಹಾಗೆ ನನ್ನನ್ನು ತಿದ್ದಿದ್ದು."