ಕೈಯತ್ತಿದಿಣ್ಣೆಗೆ ಹೂವೇರಿಸುವುದಿಲ್ಲ

ಹಾಳುಕೋಟೆಯ ತೆಂಕಣ ಬಾಗಿಲು ದಾಟಿ ಒಳಗೆ ಹೋದರೆ ಸಿಗುವ ದಿಣ್ಣೆಗೆ ಕೈಯತ್ತಿದಿಣ್ಣೆ ಎಂದು ಹೆಸರು. ಅಲ್ಲೊಂದು ಮುದಿ ಅತ್ತಿಮರವಿದೆ. ಅದರ ಬುಡದಲ್ಲಿ ಬಳೆ ತೊಟ್ಟ ಒಂಟಿ ಕೈಯನ್ನು ಕೆತ್ತಿದ ಕಲ್ಲು. ಬೇರೆಡೆಯ ಮಾಸ್ತಿಕಲ್ಲುಗಳಲ್ಲಿ ಅಂಗೈ ತೆರೆದಿರುತ್ತದೆ. ಇಲ್ಲಿಯದು ಬಿಗಿದ ಮುಷ್ಟಿ. ಸುತ್ತಲ ಹೊಲಗಳಲ್ಲಿ ರಾಶಿರಾಶಿ ಸೇವಂತಿಗೆ ಬೆಳೆದರೂ ಈ ಕಲ್ಲಿಗೆ ಒಂದು ಎಸಳನ್ನೂ ಏರಿಸುವುದಿಲ್ಲ.

ಹಿಂದೆ ಒಮ್ಮೆ ಈ ಕೋಟೆಯನ್ನು ಕೆಂಚಣ್ಣನಾಯಕನೆಂಬ ಪಾಳೆಯಗಾರ ಆಳುತ್ತಿದ್ದನಂತೆ. ಯಾವ ಮರವೇ ಆಗಲಿ, ಮೊದಲ ಹೂವನ್ನು ಅವನಿಗೆ ಒಪ್ಪಿಸಿದ ಮೇಲೆಯೇ ಅದರ ಹಣ್ಣು ಊರಿನವರ ಬಾಯಿಗೆ. ತಪ್ಪಿದವರ ಕೈ ಕಡಿಯುವುದು ಕಟ್ಟಳೆ. ಹೊಟ್ಟೆ ತುಂಬಿದವನು ಮಾಡಿದ ಕಟ್ಟಳೆ, ಇನ್ನು ಹೇಗಿದ್ದೀತು! ಅತ್ತಿಹೂವನ್ನು ಕಂಡವನು ರಾಜ್ಯವಾಳುತ್ತಾನೆ ಎಂಬ ಮಾತನ್ನು ಅವನು ಬಲವಾಗಿ ನಂಬಿದ್ದ. ಆ ಹೂವನ್ನು ಯಾರೂ ತಂದೊಪ್ಪಿಸಲಿಲ್ಲ. ಹಾಗಾಗಿ ಅತ್ತಿಹಣ್ಣು ವರ್ಷವರ್ಷವೂ ನೆಲದಲ್ಲೇ ಕೊಳೆಯುತ್ತಿತ್ತು. ಒಂದು ವರ್ಷ ಶತ್ರುಗಳು ಕೋಟೆಗೆ ಮುತ್ತಿಗೆ ಹಾಕಿದರು. ಕಣಜ ಬರಿದಾಗಿ ಜನ ತೊಗಲು ಬೇಯಿಸಿ ತಿಂದರು. ಬಾಗಿಲು ಕಾಯುವ ಚಿಕ್ಕೋಬಯ್ಯನ ಹೆಂಡತಿ ಗಾದ್ರವ್ವ, ಹಸಿದ ಮಗಳು ಮೇಲುಗಣ್ಣು ಬಿಟ್ಟಿದ್ದನ್ನು ನೋಡಲಾರದೆ ಅತ್ತಿಹಣ್ಣು ಕಿತ್ತು ತಿನ್ನಿಸಿದಳು. ಇನ್ನೊಂದನ್ನು ಕೀಳುವಾಗ ಸಿಕ್ಕಿಬಿದ್ದಳು. ಭಟರು ಅವಳ ಕೈಯನ್ನು ಮರಕ್ಕೆ ಒತ್ತಿ ಹಿಡಿದರು.

“ಹಣ್ಣು ಬಂದೈತೆ ಅಂದ್ಮೇಲೆ ಹೂ ಬಿಟ್ಟಿರ್ಲೇಬೇಕು. ಎಲ್ಲೇ ಬಚ್ಚಿಟ್ಟಿದ್ದೀಯ?” ಎಂದು ನಾಯಕ ಗದರಿದ. ತನ್ನ ರಾಜ್ಯವನ್ನೇ ಇವಳು ಕದ್ದಳೆಂದು ಅವನ ಸಿಟ್ಟು.

“ಅತ್ತಿ ಹೂ ಬಿಟ್ಟಿದ್ದನ್ನ ಯಾರು ಕಂಡವ್ರೆ ದೊರೆ? ಮಗು ಸಾಯ್ತಿತ್ತು, ಕಿತ್ತೆ.”

ಅವನು ಕತ್ತಿ ಬೀಸಿದ. ಅಲಗು ಮೊಣಕೈಯನ್ನು ಕಡಿದು ಮರಕ್ಕೂ ನಾಟಿತು. ತುಂಡಾದ ಕೈ ಹಣ್ಣು ಹಿಡಿದಂತೆಯೇ ಕೆಳಗೆ ಬಿತ್ತು. ಹೂವು ಆ ಮುಷ್ಟಿಯಲ್ಲಿದೆಯೆಂದು ನಾಯಕ ಬೆರಳು ಬಿಡಿಸಲು ಹೋದ, ಬರಲಿಲ್ಲ. ಮುಷ್ಟಿಯನ್ನೇ ಸೀಳಿದ, ಹಣ್ಣೂ ಸೀಳಿತು. ಒಳಗೆ ಕೂದಲೆಳೆಯಂಥ ಕೆಂಪು ಕುಸುಮಗಳು ಒತ್ತೊತ್ತಾಗಿದ್ದವು, ನಡುವೆ ಸಣ್ಣ ಹುಳಗಳು ಹರಿದಾಡುತ್ತಿದ್ದವು. ಹೊರಗೆ ಅರಳದೆ, ಯಾರ ಕಣ್ಣಿಗೂ ಬೀಳದೆ, ಅತ್ತಿ ಒಳಗೇ ಹೂಬಿಟ್ಟು ಒಳಗೇ ಬೀಜ ಕಟ್ಟಿತ್ತು. “ಕಂಡೆ! ಕಂಡೆ!” ಎಂದು ನಾಯಕ ಹಿಗ್ಗಿ ಅದನ್ನು ಬಿಸಿಲಿಗೆ ಎತ್ತಿ ಹಿಡಿದ. ಹಿಂದಿನಿಂದ ಚಿಕ್ಕೋಬಯ್ಯನ ಕೊಡಲಿ ಕುತ್ತಿಗೆಗೆ ಬಿತ್ತು. ಹಸಿದ ಜನ ಹೆಣವನ್ನು ತುಳಿದುಕೊಂಡೇ ಮರ ಹತ್ತಿದರು. ಗಾದ್ರವ್ವ ನೆತ್ತರು ಸೋರಿ ಅಲ್ಲೇ ಸತ್ತಳು, ಮಗಳು ಬದುಕಿದಳು. ಸಂಜೆಗೆ ಶತ್ರುಗಳಿಗೆ ಕೋಟೆಯ ಬಾಗಿಲನ್ನು ಚಿಕ್ಕೋಬಯ್ಯನೇ ತೆರೆದ ಎನ್ನುತ್ತಾರೆ.

ಇಂದಿಗೂ ಆ ಕಾಂಡದ ಗಾಯದ ಸುತ್ತ ಹಣ್ಣು ಗೊಂಚಲುಗಟ್ಟುತ್ತದೆ. ಹರಕೆ ಹೊತ್ತವರು ಹಣ್ಣು ಬಿಡಿಸಿ, ಹುಳ ಊದಿ, ಅಲ್ಲಿರುವ ಯಾವುದಾದರೂ ಮಗುವಿನ ಬಾಯಿಗಿಡುತ್ತಾರೆ, ಅದೇ ಪೂಜೆ. ಆ ಮಗಳ ವಂಶದವಳೆನ್ನುವ ಮುದುಕಿಯೊಬ್ಬಳು ಕಲ್ಲಿನ ಬಳಿ ಕೂತಿರುತ್ತಾಳೆ. ತಿಳಿಯದೆ ಹೂ ತಂದವರನ್ನು ಅವಳು ತಡೆಯುತ್ತಾಳೆ: “ವಾಪಸ್ ತಗೊಂಡ್ಹೋಗಪ್ಪ. ಹೂ ಕೇಳೇ ನಮ್ಮವ್ವನ್ನ ಕೊಂದಿದ್ದು.”