ಗಾಜಿಗೆ ಸಾಲು ಸಿಗದೆ ಹೋದದ್ದು

ವ್ಯಾಪಾರ ಇಷ್ಟೇ: ಚಳಿ ಬರುವುದರೊಳಗೆ ತಮ್ಮ ಕಣಗಳನ್ನು ಸಾಲಾಗಿ ಕೂರಿಸಿಕೊಂಡವರಿಗೆ ನೇರ ಅಂಚಿನ ಮೈ. ಕೂರಿಸದವರ ಕಣಗಳು ನಿಂತಲ್ಲೇ ನಿಲ್ಲಬೇಕು. ಲೋಕ ಇನ್ನೂ ಹೊಸದಾಗಿ, ಕಲ್ಲೆಲ್ಲ ಪಾಯಸದಂತೆ ಹರಿಯುತ್ತಿದ್ದಾಗ ಭೂಮಿತಾಯಿ ಆಡಿದ ಮಾತಿದು.

ಒಪ್ಪಿದವರು ಇಬ್ಬರು. ಬೆಣಚುಕಲ್ಲು ಅಕ್ಕ, ಗಾಜು ತಮ್ಮ. ಹುಟ್ಟಿದ್ದು ಒಂದೇ ಮರಳಿನ ಮನೆಯಲ್ಲಿ.

ಅಕ್ಕ ಬೆಂಕಿಯಣ್ಣನ ಹತ್ತಿರ ಹೋಗಿ, ನಿಧಾನವಾಗಿ ಆರು, ನಮ್ಮವರಿಗೆ ಓಡಾಡಲು ಹೊತ್ತು ಬೇಕು ಎಂದು ಕೇಳಿಕೊಂಡಳು. ಕಣಗಳ ನಡುನಡುವೆ ದಾರಿಯನ್ನೂ ಬಿಟ್ಟಳು. ತಮ್ಮ ನಕ್ಕ. ದಾರಿ ಬಿಟ್ಟರೆ ಅಷ್ಟು ಜಾಗ ದಂಡವಲ್ಲವೇ? ಸೇರಿನಲ್ಲಿ ಹಿಟ್ಟು ಅದುಮಿದಂತೆ ಕಣಗಳನ್ನು ಅದುಮಿ ತುಂಬಿದ. ಅಕ್ಕನಿಗಿಂತ ಮೊದಲು ಮುಗಿಸಬೇಕೆಂದು ಚಳಿಯನ್ನು ಬೇಗ ಬಾ ಎಂದು ಕರೆದ.

"ಗಾಜಪ್ಪ, ಒತ್ತಿಕೊಂಡು ನಿಂತವರು ಕೂರೋದು ಹೇಗೋ?" ಎಂದಳು ಗಾಳಿ.

ಒಂದು ಕಡೆ ನಿಂತು ಗೊತ್ತಿಲ್ಲದವಳು ನನಗೆ ಕೂರುವುದನ್ನು ಕಲಿಸಬೇಡ ಎಂದ ಗಾಜು.

ಬಿಸಿ ಇರುವವರೆಗೆ ಚಿಂತೆ ಇರಲಿಲ್ಲ. ಒಂದು ಕಣ ತುಸು ಸರಿದರೆ ಇನ್ನೊಂದು ನುಸುಳುತ್ತಿತ್ತು. ಬಿಸಿ ಇಳಿಯಿತು. ಕಣ್ಣು ಮಿಟುಕಿಸುವಷ್ಟರಲ್ಲಿ ಆಗುತ್ತಿದ್ದ ಸರಿದಾಟಕ್ಕೆ ದಿನ ಹಿಡಿಯಿತು. ಬಿಸಿ ಇನ್ನೂ ಇಳಿಯಿತು. ವರ್ಷ ಹಿಡಿಯಿತು. ಒಳಗೆಲ್ಲ ಜಗಳ.

"ನೀನು ಆಚೆ ಸರಿ, ನಾನು ಕೂರ್ತೀನಿ."

"ನನ್ನ ಹಿಂದಿನವನು ಸರೀಲಿ, ಆಮೇಲೆ ನೋಡೋಣ."

ಕೊನೆಗೆ ಜಗಳವೂ ಹೆಪ್ಪುಗಟ್ಟಿತು.

ಭೂಮಿತಾಯಿ ನೋಡಲು ಬಂದಳು. ಅಕ್ಕನ ಮೈ ಸವರಿದಳು. ಕೆತ್ತಿದಂಥ ಆರು ಮುಖ. ತಮ್ಮನ ಒಳಗೆ ಕಣಗಳು ಕೂತೂ ಇರಲಿಲ್ಲ, ನಡೆಯುತ್ತಲೂ ಇರಲಿಲ್ಲ. ಎತ್ತಿದ ಹೆಜ್ಜೆ ಎತ್ತಿದಂತೆಯೇ ಇತ್ತು. ಗಾಜು ನಾಚಿಕೆಯಿಂದ ಮುದುಡಿದ. ಮುಚ್ಚಿಕೊಳ್ಳೋಣವೆಂದರೆ ಬಿಸಿಲು ಮೈಯೊಳಗೇ ನುಗ್ಗಿ ಆಚೆ ಹೊರಡುತ್ತಿತ್ತು. ಅಕ್ಕ ಮುಖ ತಿರುಗಿಸಿಕೊಂಡಳು. ಅದು ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

"ಅಮ್ಮ, ಜಾಗ ಉಳಿಸಲು ಹೋಗಿ ಹೊತ್ತು ಕಳೆದುಕೊಂಡೆ" ಎಂದ, ತಲೆ ಎತ್ತದೆ.

"ಮಾತು ಮಾತೇ, ಸಾಲು ಕೊಡಲಾರೆ. ಬೆಂಕಿಯ ಹತ್ತಿರ ಹೋದಾಗಲೆಲ್ಲ ನಿನ್ನವರು ಮತ್ತೆ ಸರಿದಾಡಲಿ. ಅಷ್ಟು ಕೊಟ್ಟೆ."

ಅದಕ್ಕೇ ಪುಟ್ಟಿ, ಗಾಜು ಒಡೆದರೆ ಇಂದಿಗೂ ಚೂರಿನ ಅಂಚು ಅಂಕುಡೊಂಕು, ಬೆಂಕಿ ಕಂಡರೆ ಮಾತ್ರ ಮೈ ಮೆತ್ತಗೆ. ಲೆಕ್ಕ ಮುಗಿಸಿದರೆ, ಅಕ್ಕ ಗಳಿಸಿದ್ದು ಆರು ನೇರ ಮುಖ, ತಮ್ಮ ಗಳಿಸಿದ್ದು ನಿನ್ನ ಕೈಯ ಗಾಜಿನ ಬಳೆಯ ದುಂಡು.